ತೊಗರಿ ಹೊಲಕ್ಕೆ ಯೂರಿಯಾ ಚೀಲ ಎತ್ತಿಕೊಡುವ ಮುನ್ನ
ಗೊಬ್ಬರದ ಅಂಗಡಿಯವರಿಗೊಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಬೀಜ-ಗೊಬ್ಬರದ ಅಂಗಡಿ ಮಾಲೀಕರಿಗೆ, ಗಲ್ಲೆಯ ಮೇಲೆ ಕೂರುವ ಅವರ ಮಕ್ಕಳಿಗೆ, ಬಿಲ್ಲು ಬರೆಯುವ ಗುಮಾಸ್ತರಿಗೆ,

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರಾಜ್ಯದ ಹಲವೆಡೆ ರೈತರು ಸಾಲುಗಟ್ಟಿ ನಿಂತದ್ದನ್ನು ನಿಮಗೆ ಯಾರೂ ನೆನಪಿಸಬೇಕಿಲ್ಲ. ಆ ಸಾಲುಗಳು ನಿಂತದ್ದೇ ನಿಮ್ಮ ಅಂಗಡಿಗಳ ಮುಂದೆ. ಮೆಕ್ಕೆಜೋಳ ಹಾಕಿದವನಿಗೆ, ಭತ್ತ ನಾಟಿ ಮಾಡಿದವನಿಗೆ ಆ ಚೀಲ ಬೇಕೇ ಬೇಕಿತ್ತು. ಆದರೆ ತೊಗರಿ, ಹೆಸರು, ಉದ್ದು, ಸೋಯಾ ಬಿತ್ತಿದವನಿಗೆ ಬೇಕಿತ್ತೇ? ಈ ಪತ್ರದ ವಿಷಯ ಇಷ್ಟೇ.

ವಿಜ್ಞಾನಿಗಳನ್ನೋ ಕೃಷಿ ಇಲಾಖೆಯನ್ನೋ ಬಿಟ್ಟು ಅಂಗಡಿಯವರಿಗೆ ಬರೆಯಲು ಕಾರಣವಿದೆ. ಬಿತ್ತಿದ ಮೂರನೆಯ ವಾರಕ್ಕೆ ತೊಗರಿ ಸಸಿ ಹಳದಿಗೆ ತಿರುಗಿದರೆ ರೈತ ಎರಡು ಎಲೆ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಮೊದಲು ಬರುವುದು ಅಂಗಡಿಗೆ. ಕೌಂಟರಿನ ಆಚೆಯಿಂದ ಬರುವ ಉತ್ತರವೇ ಆ ಹೊಲದ ಪಾಲಿನ ಶಿಫಾರಸು. ‘ಒಂದು ಚೀಲ ಯೂರಿಯಾ ಕೊಡು, ಎಂಟು ದಿನದಲ್ಲಿ ಹಸಿರಾಗುತ್ತೆ’ ಎಂದರೆ ಅದು ಸುಳ್ಳೂ ಅಲ್ಲ. ಎಂಟು ದಿನದಲ್ಲಿ ಹೊಲ ನಿಜಕ್ಕೂ ಹಸಿರಾಗುತ್ತದೆ. ತೊಂದರೆ ಆಗುವುದು ಮಣ್ಣಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ.

ತೊಗರಿಯ ಬೇರಿನಲ್ಲಿ ಸಾಸಿವೆಯಿಂದ ಜೋಳದ ಕಾಳಿನ ಗಾತ್ರದವರೆಗೆ ಗಂಟುಗಳಿರುವುದನ್ನು ರೈತರೆಲ್ಲ ಕಂಡಿದ್ದಾರೆ. ಅವು ರೋಗದ ಗಂಟಲ್ಲ ಎಂದು ಖಚಿತವಾದದ್ದು 1886ರಲ್ಲಿ. ಜರ್ಮನಿಯ ಹರ್ಮನ್ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಥ್ ಬಟಾಣಿ ಜಾತಿಯ ಗಿಡಗಳನ್ನು ಮರಳಿನಲ್ಲಿ ಬೆಳೆಸಿ, ಗಂಟಿರುವ ಗಿಡ ಗಾಳಿಯ ಸಾರಜನಕವನ್ನೇ ಉಣ್ಣುತ್ತದೆ ಎಂದು ತೋರಿಸಿದರು. ಎರಡು ವರ್ಷಕ್ಕೆ ಡಚ್ ವಿಜ್ಞಾನಿ ಬೈಜೆರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಇದು ಶಾಲೆಯ ಪುಸ್ತಕದಲ್ಲೂ ಇದೆ. ಪುಸ್ತಕ ಒತ್ತಿ ಹೇಳದ ಸಂಗತಿಯೆಂದರೆ ಈ ವ್ಯವಹಾರ ಗಿಡಕ್ಕೆ ಬಹಳ ದುಬಾರಿ. ಗಾಳಿಯ ಸಾರಜನಕದ ಒಂದೊಂದು ಅಣುವನ್ನು ಒಡೆಯಲು ಎಟಿಪಿ ಎಂಬ ಶಕ್ತಿಕಣಗಳು ಕನಿಷ್ಠ 16 ಬೇಕು. ಅಷ್ಟೂ ಶಕ್ತಿ ಬರುವುದು ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಿಂದ.

ಹೀಗಿರುವಾಗ ಬೇರಿನ ಪಕ್ಕದಲ್ಲೇ ಯೂರಿಯಾ ಕರಗಿದರೆ ಏನಾಗುತ್ತದೆ? ಬಾಗಿಲಿಗೆ ಪುಕ್ಕಟೆ ಸರಕು ಬಂದು ಬಿದ್ದಿರುವಾಗ ಯಾವ ಅಂಗಡಿಯವನೂ ಸಾಲ ಮಾಡಿ ದೂರದ ಪೇಟೆಯಿಂದ ಸರಕು ತರಿಸುವುದಿಲ್ಲ. ಗಿಡವೂ ಅಷ್ಟೇ.

ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಬೆಚ್ಚಗಿನ, ಹಸಿಯಾದ ಮುಂಗಾರಿನ ಮಣ್ಣಿನಲ್ಲಿ ಮುಂದಿನ ಎರಡು-ಮೂರು ವಾರಗಳಲ್ಲಿ ಅದರ ಬಹುಭಾಗ ನೈಟ್ರೇಟ್ ಆಗುತ್ತದೆ. ಗಂಟಿಗೆ ಶತ್ರುವಾಗುವುದು ಮುಖ್ಯವಾಗಿ ಈ ನೈಟ್ರೇಟ್. ಅದು ಒಂದು ಕಡೆಯಿಂದಲ್ಲ, ಮೂರು ಕಡೆಯಿಂದ ಹೊಡೆಯುತ್ತದೆ: ಬ್ಯಾಕ್ಟೀರಿಯಾ ಬೇರಿನೊಳಗೆ ಹೊಗುವುದು ಕಡಿಮೆಯಾಗುತ್ತದೆ, ಹೊಕ್ಕದ್ದು ಗಂಟಾಗಿ ಬೆಳೆಯುವುದು ನಿಧಾನವಾಗುತ್ತದೆ, ಬೆಳೆದ ಗಂಟು ಕೂಡ ಕೆಲಸ ಇಳಿಸುತ್ತದೆ. ಜಪಾನಿನ ನೀಗಾಟಾ ವಿಶ್ವವಿದ್ಯಾಲಯದಲ್ಲಿ ಓಯಾಮಾ ಅವರ ತಂಡ ಸೋಯಾ ಗಿಡಗಳನ್ನು ನೀರಿನಲ್ಲಿ ಬೆಳೆಸಿ ಒಂದೊಂದು ಗಂಟಿನ ದಪ್ಪವನ್ನೂ ದಿನದಿನ ಅಳೆಯಿತು. ನೀರಿಗೆ ನೈಟ್ರೇಟ್ ಬೆರೆಸಿದ ಒಂದೇ ದಿನಕ್ಕೆ ಗಂಟು ಊದುವುದು ನಿಂತಿತು. ನೈಟ್ರೇಟ್ ತೆಗೆದ ಮೇಲೆ ಮತ್ತೆ ಬೆಳೆಯತೊಡಗಿತು. ಅಂದರೆ ಇದು ವಿಷವಲ್ಲ, ಗಿಡವೇ ಸಕ್ಕರೆಯ ನಲ್ಲಿಯನ್ನು ತಿರುಗಿಸಿ ನಿಲ್ಲಿಸುವುದು.

ಹಾಗೆ ನಿಲ್ಲಿಸುವ ತೀರ್ಮಾನ ಬೇರಿನಲ್ಲಷ್ಟೇ ಆಗುವುದಿಲ್ಲ ಎಂಬುದು ಇನ್ನೂ ಸೋಜಿಗ. 1985ರಲ್ಲಿ ಆಸ್ಟ್ರೇಲಿಯಾದ ಬರ್ನಾರ್ಡ್ ಕ್ಯಾರೊಲ್, ಪೀಟರ್ ಗ್ರೆಸ್‌ಹಾಫ್ ಮತ್ತು ಸಂಗಡಿಗರು ನೈಟ್ರೇಟ್ ಇದ್ದರೂ ಗಂಟು ಕಟ್ಟುವ ಸೋಯಾ ಗಿಡಗಳನ್ನು ಹುಡುಕಿ ತೆಗೆದರು. ಮಾಮೂಲಿ ಗಿಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗಂಟು, ಬೇರೆಲ್ಲ ಮಣಿಸರ. ಆ ಗಿಡದ ಕಾಂಡವನ್ನು ಮಾಮೂಲಿ ಬೇರಿಗೆ ಕಸಿ ಕಟ್ಟಿದರೆ ಆ ಬೇರಿಗೂ ಮಣಿಸರ. ಎಷ್ಟು ಗಂಟು ಬೇಕೆಂದು ಲೆಕ್ಕ ಹಾಕುವುದು ಮೇಲಿನ ಎಲೆ. ಆ ಲೆಕ್ಕದ ಜೀನು 2003ರಲ್ಲಿ ಸಿಕ್ಕಿತು. ಈ ಗಂಟಿನ ಮಣಿಸರದಿಂದ ಇಳುವರಿ ದುಪ್ಪಟ್ಟಾಯಿತೇ ಎಂದರೆ ಇಲ್ಲ. ಅಷ್ಟು ಗಂಟನ್ನು ಸಾಕುವುದರಲ್ಲೇ ಗಿಡ ಸೊರಗಿತು. ಹೆಚ್ಚು ಗಂಟೇ ಒಳ್ಳೆಯದೆಂದು ಸಾರುವ ಕಂಪನಿ ಪ್ರತಿನಿಧಿ ಅಂಗಡಿಗೆ ಬಂದರೆ ಈ ಕಥೆಯನ್ನು ಅವನಿಗೊಮ್ಮೆ ಹೇಳಬಹುದು.

ಇನ್ನು ಚೀಲದ ಲೆಕ್ಕ. ಇದು ನಿಮಗೆ ವಿಜ್ಞಾನಿಗಳಿಗಿಂತ ಬೇಗ ತಿಳಿಯುತ್ತದೆ.

ಮಳೆಯಾಶ್ರಿತ ತೊಗರಿಗೆ ಕೃಷಿ ವಿಶ್ವವಿದ್ಯಾಲಯಗಳು ಹೇಳುವುದು ಹೆಕ್ಟೇರಿಗೆ 25 ಕಿಲೊ ಸಾರಜನಕ, 50 ಕಿಲೊ ರಂಜಕ. ಎಕರೆಗೆ ಇಳಿಸಿದರೆ ಸುಮಾರು 10 ಮತ್ತು 20. ಡಿಎಪಿಯ 50 ಕಿಲೊ ಚೀಲದಲ್ಲಿ 9 ಕಿಲೊ ಸಾರಜನಕ, 23 ಕಿಲೊ ರಂಜಕ ಇದೆ. ಎಕರೆಗೆ ಒಂದು ಚೀಲ ಡಿಎಪಿ ಬಿತ್ತುವಾಗಲೇ ಹೋಯಿತೆಂದರೆ ಸಾರಜನಕದ ಖಾತೆ ಅಲ್ಲಿಗೆ ಮುಗಿಯಿತು. ಆ ಮೇಲೆ ಮೂರನೆಯ ವಾರಕ್ಕೆ ಬೀಳುವ 45 ಕಿಲೊ ಯೂರಿಯಾ ಚೀಲದಲ್ಲಿರುವುದು 20 ಕಿಲೊ 700 ಗ್ರಾಂ ಸಾರಜನಕ. ಎರಡೂ ಸೇರಿ ಎಕರೆಗೆ 30 ಕಿಲೊ, ಹೇಳಿದ್ದಕ್ಕಿಂತ ಮೂರು ಪಟ್ಟು. ಅದೂ ಗಂಟುಗಳು ಆಗಷ್ಟೇ ಕಣ್ಣುಬಿಟ್ಟು ಕೆಲಸಕ್ಕೆ ಇಳಿಯುವ ಹೊತ್ತಿಗೆ. ಇದಕ್ಕಿಂತ ಕೆಟ್ಟ ಮುಹೂರ್ತ ಇಡೀ ಬೆಳೆಯ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಹಾಗಾದರೆ ಆ ಮೊದಲ 10 ಕಿಲೊ ಯಾಕೆ? ಕಾಳಿನೊಳಗಿನ ಬುತ್ತಿ ಮುಗಿಯುವುದಕ್ಕೂ ಗಂಟು ಕೆಲಸ ಆರಂಭಿಸುವುದಕ್ಕೂ ನಡುವೆ ಕೆಲವು ದಿನಗಳ ಹಸಿವಿದೆ. ಬಿತ್ತಿದ ಎರಡು-ಮೂರು ವಾರಕ್ಕೆ ಗಂಟು ಕಾಣಿಸುತ್ತದೆ, ಅದು ಪೂರ್ತಿ ದುಡಿಯಲು ಇನ್ನೊಂದು ವಾರವಾದರೂ ಬೇಕು. ಆ ಸಂದಿಗೆಂದೇ ಈ ಅಲ್ಪ ಪ್ರಮಾಣ. ನಿಮ್ಮಲ್ಲಿಗೆ ಬರುವ ಹಳದಿ ಎಲೆ ಎಷ್ಟೋ ಸಲ ಈ ಸಂದಿಯದೇ ಆಗಿರುತ್ತದೆ. ಹತ್ತು ದಿನ ಸುಮ್ಮನಿದ್ದರೆ ತಾನಾಗಿ ಹಸಿರಾಗುತ್ತದೆ. ಸುಮ್ಮನಿರು ಎಂಬ ಸಲಹೆಗೆ ಬಿಲ್ಲು ಹಾಕಲು ಬರುವುದಿಲ್ಲ ಎಂಬುದೊಂದು ಕಷ್ಟ.

ಯೂರಿಯಾ ಹಾಕಿದರೆ ತೊಗರಿಯ ಇಳುವರಿ ನೆಲಕಚ್ಚುತ್ತದೆ ಎಂದೇನೂ ಈ ಪತ್ರ ಹೆದರಿಸುತ್ತಿಲ್ಲ. ಅದು ಉತ್ಪ್ರೇಕ್ಷೆಯಾಗುತ್ತದೆ. ಬ್ರೆಜಿಲಿನ ಎಂಬ್ರಾಪಾ ಸಂಸ್ಥೆಯ ಮರಿಯಾಂಜೆಲಾ ಹುಂಗ್ರಿಯಾ ಸೋಯಾ ಹೊಲಗಳಲ್ಲಿ ಹೆಕ್ಟೇರಿಗೆ 200 ಕಿಲೊ ಸಾರಜನಕ ಸುರಿದು ನೋಡಿದರು. ಗಂಟು ಕುಗ್ಗಿತು, ಗಾಳಿಯಿಂದ ಬರುವ ಸಾರಜನಕ ಇಳಿಯಿತು, ಇಳುವರಿ ಮಾತ್ರ ಬ್ಯಾಕ್ಟೀರಿಯಾ ಲೇಪಿಸಿದ ಬೀಜದ ಹೊಲಕ್ಕಿಂತ ಒಂದಿಷ್ಟೂ ಹೆಚ್ಚಲಿಲ್ಲ. ಬ್ರೆಜಿಲಿನ ಸೋಯಾ ರೈತರಲ್ಲಿ ಬಹುಪಾಲು ಮಂದಿ ಸಾರಜನಕದ ಗೊಬ್ಬರವನ್ನೇ ಮುಟ್ಟದಂತೆ ಮಾಡಿದ ಈ ಕೆಲಸಕ್ಕಾಗಿ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು. ದುಡ್ಡು ಕೊಟ್ಟು ತಂದದ್ದು, ಪುಕ್ಕಟೆ ಬರುತ್ತಿದ್ದದ್ದನ್ನು ನಿಲ್ಲಿಸಿ ಆ ಜಾಗದಲ್ಲಿ ಕೂತಿತು, ಅಷ್ಟೇ.

ನಷ್ಟ ಇನ್ನೊಂದು ಕಡೆಯೂ ಇದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೇಂದ್ರದಲ್ಲಿ ತೊಗರಿಯ ನಂತರ ಮೆಕ್ಕೆಜೋಳ ಬಿತ್ತಿ ನೋಡಿದಾಗ, ಹಿಂದಿನ ತೊಗರಿ ಹೆಕ್ಟೇರಿಗೆ ಸುಮಾರು 40 ಕಿಲೊ ಸಾರಜನಕ ಹಾಕಿದಷ್ಟು ಉಪಕಾರ ಮಾಡಿತ್ತು. ಉದುರಿದ ಎಲೆ, ಮಣ್ಣಿನಲ್ಲೇ ಉಳಿದ ಬೇರು, ಕಳಿತ ಗಂಟು, ಇವೆಲ್ಲದರ ಪಾಲು ಅದು. ತೊಗರಿಯಾದ ಮೇಲೆ ಜೋಳ ಹಾಕುವ ನಮ್ಮ ಕಡೆಯ ಹಿರಿಯರಿಗೆ ಅಂಕಿ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಯೂರಿಯಾ ತಿಂದು ಬೆಳೆದ ತೊಗರಿಯಲ್ಲಿ ಗಾಳಿಯಿಂದ ಬಂದ ಪಾಲೇ ಕಡಿಮೆ. ಮುಂದಿನ ಬೆಳೆಗೆ ಉಳಿಯುವ ಗಂಟೂ ಕಡಿಮೆ.

ಎಲ್ಲ ದ್ವಿದಳಕ್ಕೂ ಒಂದೇ ಮಾತು ಹೊಂದುವುದಿಲ್ಲ. ತರಕಾರಿ ಬೀನ್ಸ್ ಗಂಟು ಕಟ್ಟುವುದರಲ್ಲಿ ಸೋಮಾರಿ. ಅದಕ್ಕೆ ತೊಗರಿಯ ಎರಡು ಪಟ್ಟಿಗೂ ಮಿಗಿಲಾದ ಸಾರಜನಕ ಹೇಳುತ್ತಾರೆ, ಅದು ಸರಿಯೇ. ಹೂವಾಡುವಾಗ ತೊಗರಿಗೆ ಸಿಂಪಡಿಸಲು ರಾಯಚೂರು ಕೃಷಿ ವಿಶ್ವವಿದ್ಯಾಲಯ ತಂದ ‘ಪಲ್ಸ್ ಮ್ಯಾಜಿಕ್’ನಲ್ಲೂ ಶೇ 10 ಸಾರಜನಕ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಎಕರೆಗೆ ಎರಡು ಕಿಲೊ ಪುಡಿ, ಅದರಲ್ಲಿ 200 ಗ್ರಾಂ ಸಾರಜನಕ, ಅದೂ ಎಲೆಯ ಮೇಲೆ. ಬೇರಿನ ಬುಡದಲ್ಲಿ ಕರಗುವ 20 ಕಿಲೊದೊಡನೆ ಅದನ್ನು ಹೋಲಿಸಲಾಗದು.

ಗಂಟಿಗೆ ನಿಜವಾಗಿ ಬೇಕಾದ ಸರಕುಗಳಲ್ಲಿ ಹಲವು ನಿಮ್ಮ ಗೋದಾಮಿನ ಮೂಲೆಯಲ್ಲೇ ಇವೆ. ಮೊದಲನೆಯದು ರಂಜಕ. ಸಾರಜನಕ ಒಡೆಯುವ ಆ ಶಕ್ತಿಕಣಗಳಲ್ಲೇ ರಂಜಕವಿದೆ, ಅದಿಲ್ಲದ ಗಂಟು ಬಡಕಲು. ಡಿಎಪಿ ಸಿಗದ ವರ್ಷ ರೈತ ನಿರಾಶನಾಗಿ ಹೋಗಬೇಕಿಲ್ಲ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್, ಅರ್ಧ ಚೀಲ ಯೂರಿಯಾ. ಇವನ್ನು ಬಿತ್ತುವಾಗಲೇ ಕೊಟ್ಟರೆ 24 ಕಿಲೊ ರಂಜಕ, 10 ಕಿಲೊ ಚಿಲ್ಲರೆ ಸಾರಜನಕ ಸಿಕ್ಕಿತು. ಒಂದು ಚೀಲ ಡಿಎಪಿಯ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಜೊತೆಗೆ ಡಿಎಪಿಯಲ್ಲಿಲ್ಲದ ಗಂಧಕ 16 ಕಿಲೊದಷ್ಟು, ಮೇಲೊಂದಿಷ್ಟು ಸುಣ್ಣಾಂಶ. ಗಾಳಿಯ ಸಾರಜನಕ ಹಿಡಿಯುವ ಕಿಣ್ವದೊಳಗೆ ಕಬ್ಬಿಣದ ಜೊತೆ ಗಂಧಕವೂ ಇದೆ. ಬೇಳೆಯ ಪ್ರೊಟೀನಿಗೂ ಅದು ಬೇಕು. ಮೂರು ಚೀಲ ಹೊತ್ತು ಸಾಗಿಸುವ ಗೋಳು ಇರುವುದರಿಂದಲೇ ಈ ಲೆಕ್ಕ ಜನಪ್ರಿಯವಾಗಿಲ್ಲ ಎನ್ನುವುದು ನಿಜ.

ಮಸಾರಿ ನೆಲದ ತೊಗರಿಗೆ ಒಂದು ಜಾಣತನ ಹೆಚ್ಚಿದೆ. ಅದರ ಬೇರು ಪಿಸಿಡಿಕ್ ಆಮ್ಲವನ್ನು ಒಸರಿ, ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ ಎಂದು ಇಕ್ರಿಸ್ಯಾಟ್‌ನಲ್ಲಿದ್ದ ಜಪಾನಿ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು. ಎರೆ ಭೂಮಿಯಲ್ಲಿ ರಂಜಕ ಸಿಕ್ಕಿಬಿದ್ದಿರುವುದು ಸುಣ್ಣದ ಹಿಡಿತದಲ್ಲಿ. ಒಂದೇ ಬೆಳೆಗೆ, ಒಂದೇ ತಾಲ್ಲೂಕಿನಲ್ಲಿ, ಒಂದೇ ಚೀಟಿ ಬರೆಯಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಸುಣ್ಣದ ಮಾತು ಬಂತು. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಭತ್ತದ ಗದ್ದೆಗೆ ಅಲಸಂದೆಯೋ ಉದ್ದೋ ಬಿತ್ತುವವರಿಗೆ ಸುಣ್ಣ ಅಮೃತ. ರಸಸಾರ 5ರ ಆಸುಪಾಸಿಗೆ ಇಳಿದ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ, ಬ್ಯಾಕ್ಟೀರಿಯಾ ಬದುಕುವುದೇ ಕಷ್ಟ. ಅಂಥ ಮಣ್ಣಿನಲ್ಲಿ ಮಾಲಿಬ್ಡಿನಂ ಕೂಡ ಬೇರಿಗೆ ದಕ್ಕುವುದಿಲ್ಲ. ಗಂಟಿನ ಕಿಣ್ವದ ಹೃದಯದಲ್ಲೇ ಕೂತಿರುವ ಲೋಹ ಅದು. 1942ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಏನು ಹಾಕಿದರೂ ಏಳದ ಕ್ಲೋವರ್ ಬೆಳೆ, ಎ.ಜೆ. ಆಂಡರ್‌ಸನ್ ಎಂಬ ವಿಜ್ಞಾನಿ ಅತ್ಯಲ್ಪ ಮಾಲಿಬ್ಡಿನಂ ಕೊಟ್ಟಾಗ ಎದ್ದು ನಿಂತಿತ್ತು. ಎಕರೆಗೆ ಹತ್ತಾರು ಗ್ರಾಂ ಸಾಕಾಗುವ ಸರಕು. ಆದರೆ ನಿಮ್ಮ ಜಿಲ್ಲೆಗಳ ಎರೆ ಮಣ್ಣು ಮೊದಲೇ ಸುಣ್ಣದ ಹರಳಿನಿಂದ ತುಂಬಿದ ಕ್ಷಾರದ ಮಣ್ಣು. ಅಲ್ಲಿ ಮಾಲಿಬ್ಡಿನಂ ಸಾಮಾನ್ಯವಾಗಿ ತಾನಾಗಿಯೇ ದಕ್ಕುತ್ತದೆ. ಅಲ್ಲಿಗೆ ಸುಣ್ಣ ಹಾಕುವುದೆಂದರೆ ಇದ್ದ ಕಬ್ಬಿಣವನ್ನೂ ಬೇರಿನಿಂದ ಕಸಿದಂತೆ. ಶೇಂಗಾದಲ್ಲಿ ಚಿಗುರೆಲೆ ಬಿಳಿಚಿ ನರ ಮಾತ್ರ ಹಸಿರಾಗಿ ಉಳಿಯುವುದು ಕಬ್ಬಿಣದ ಕೊರತೆ. ಗಂಟೂ ಅಲ್ಲಿ ಸರಿಯಾಗಿ ಕಟ್ಟುವುದಿಲ್ಲ. ಆ ಬಿಳಿಚಿದ ಎಲೆ ಹಿಡಿದು ಬಂದವನಿಗೂ ಯೂರಿಯಾ ಕೊಟ್ಟು ಕಳಿಸಿದ ಅಂಗಡಿಗಳಿವೆ.

ಜಿಪ್ಸಂ ಮತ್ತು ಸುಣ್ಣ ಎರಡರಲ್ಲೂ ಕ್ಯಾಲ್ಸಿಯಂ ಇದೆ, ಕೆಲಸ ಬೇರೆ. ಜಿಪ್ಸಂ ಮಣ್ಣಿನ ಹುಳಿ ಕಳೆಯುವುದಿಲ್ಲ. ಶೇಂಗಾಕ್ಕೆ ಎಕರೆಗೆ 200 ಕಿಲೊ ಜಿಪ್ಸಂ ಹೇಳುವುದು ಬೇರಿಗಾಗಿ ಅಲ್ಲ, ಕಾಯಿಗಾಗಿ. ಮಣ್ಣಿಗಿಳಿದ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. ಅದಕ್ಕೇ ಹೂವಾಡಿ ಊಡು ಇಳಿಯುವ ಹೊತ್ತಿಗೆ ಬುಡಕ್ಕೆ ಕೊಡಬೇಕು. ಗಂಟಿಗೆ ಸಿಗುವ ಗಂಧಕ ಮೇಲುಲಾಭ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯಲ್ಲಿ ಜಿಪ್ಸಂ ಬೇಕಾಗುವುದು ಟನ್ನುಗಳ ಲೆಕ್ಕದಲ್ಲಿ. ಅದು ಮಣ್ಣು ಪರೀಕ್ಷೆ ಮಾಡಿಸಿ, ನೀರು ಬಸಿದು ಹೋಗುವ ದಾರಿ ಮಾಡಿಯೇ ಹಾಕಬೇಕಾದ್ದು.

ಕೊಟ್ಟಿಗೆ ಗೊಬ್ಬರ ಗಂಟಿನ ಗೆಳೆಯ. ಟನ್ನಿಗೆ ಸುಮಾರು ಐದು ಕಿಲೊ ಸಾರಜನಕ, ಅದೂ ನಿಧಾನವಾಗಿ ಬಿಡುವಂಥದ್ದು. ಕೋಳಿ ಗೊಬ್ಬರ ಹಾಗಲ್ಲ. ಶೇ 2ರಿಂದ 3ರಷ್ಟು ಸಾರಜನಕವಿರುವ ಒಂದು ಟನ್ ಕೋಳಿ ಗೊಬ್ಬರವೆಂದರೆ ಸುಮಾರು ಒಂದು ಚೀಲ ಯೂರಿಯಾ. ಸಾವಯವ ಎಂಬ ಹೆಸರಿದ್ದರೂ ಗಂಟಿಗೆ ಅದು ಒಂದೇ. ಈಚೆಗೆ ಜೈವಿಕ ಇದ್ದಿಲಿನ ಮಾತು ಜೋರಾಗಿದೆ. ಕೊಲಂಬಿಯಾದ ಸಿಯಾಟ್ ಕೇಂದ್ರದಲ್ಲಿ ಮಾರ್ಕೊ ರೊಂಡೊನ್ ತಂಡ 2007ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಬೀನ್ಸ್ ಗಿಡ ಗಾಳಿಯಿಂದ ಪಡೆದ ಸಾರಜನಕದ ಪಾಲು ಶೇ 50ರಿಂದ 72ಕ್ಕೆ ಏರಿತ್ತು. ಕುಂಡದ ಮಣ್ಣಿನ ಪ್ರತಿ ಕಿಲೊಗೆ 90 ಗ್ರಾಂ ಇದ್ದಿಲು ಬೆರೆಸಿದಾಗಿನ ಮಾತು ಅದು. ಹೊಲದ ಲೆಕ್ಕಕ್ಕೆ ತಂದರೆ ಹೆಕ್ಟೇರಿಗೆ ನೂರಾರು ಟನ್. ಚೀಲದಲ್ಲಿ ಐದು ಕಿಲೊ ತುಂಬಿ ಮಾರಲು ಬರುವವನ ಜೊತೆ ಮಾತಾಡುವಾಗ ಈ ಅಂಕಿ ನೆನಪಿರಲಿ.

ಕೊನೆಗೆ ರೈಜೋಬಿಯಂ ಪೊಟ್ಟಣ. ನಿಮ್ಮ ಅಂಗಡಿಯ ಇಡೀ ಸರಕಿನಲ್ಲಿ ಜೀವಂತವಾಗಿದ್ದರಷ್ಟೇ ಬೆಲೆಯುಳ್ಳ ಕೆಲವೇ ವಸ್ತುಗಳಲ್ಲಿ ಅದೊಂದು. 2006ರಿಂದ ಜೈವಿಕ ಗೊಬ್ಬರಗಳೂ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ಪುಡಿ ರೂಪದ ರೈಜೋಬಿಯಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಕಲಬುರಗಿಯ ಮೇ ತಿಂಗಳಲ್ಲಿ, ತಗಡಿನ ಚಾವಣಿಯಡಿ, ಕೀಟನಾಶಕದ ಡಬ್ಬಿಗಳ ಪಕ್ಕದ ಹಲಗೆಯ ಮೇಲೆ ಆ 5 ಕೋಟಿಯಲ್ಲಿ ಎಷ್ಟು ಉಳಿದಾವು? ಹೊಲದಲ್ಲಿ ಅದು ಕೆಲಸ ಮಾಡಲಿಲ್ಲವೆಂದು ರೈತ ದೂರಿದರೆ ತಪ್ಪು ಪೊಟ್ಟಣದ್ದೋ ಹಲಗೆಯದ್ದೋ ಹೇಳಲಾಗದು.

ಬೆಳೆಗೆ ತಕ್ಕ ಪೊಟ್ಟಣ ಕೊಡುವುದೂ ಅಷ್ಟೇ ಮುಖ್ಯ. ತೊಗರಿ, ಶೇಂಗಾ, ಹೆಸರು, ಉದ್ದು, ಅಲಸಂದೆ ಹೆಚ್ಚುಕಡಿಮೆ ಒಂದೇ ಬಳಗದ ಬ್ಯಾಕ್ಟೀರಿಯಾ ಒಪ್ಪುತ್ತವೆ. ತಲೆಮಾರುಗಳಿಂದ ತೊಗರಿ ಕಂಡ ನೆಲದಲ್ಲಿ ಆ ಬಳಗ ಮೊದಲೇ ನೆಲೆಸಿರುತ್ತದೆ, ಪೊಟ್ಟಣದಿಂದ ಚಮತ್ಕಾರ ನಿರೀಕ್ಷಿಸಬಾರದು. ಸೋಯಾ ಮತ್ತು ಕಡಲೆಯ ಕಥೆ ಬೇರೆ. ಎರಡಕ್ಕೂ ತಮ್ಮದೇ ಬ್ಯಾಕ್ಟೀರಿಯಾ ಬೇಕು. ಬೀದರ್ ಕಡೆ ಹೊಸದಾಗಿ ಸೋಯಾ ಹಾಕುವ ಹೊಲಕ್ಕೆ ಪೊಟ್ಟಣ ಇಲ್ಲದೆ ಬೀಜ ಮಾರಲೇಬಾರದು ಎಂದರೂ ಅತಿಯಲ್ಲ. ತೊಗರಿಯ ಪೊಟ್ಟಣ ಕಡಲೆಗೆ ಕೊಟ್ಟರೆ ಬೀಜಕ್ಕೆ ಬೆಲ್ಲದ ನೀರು ಕುಡಿಸಿದಷ್ಟೇ ಲಾಭ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ನೆರಳಲ್ಲಿ ಆರಿಸಿ ಅಂದೇ ಬಿತ್ತಬೇಕು. ಇಷ್ಟನ್ನು ಬಿಲ್ಲಿನ ಹಿಂದೆ ಒಂದು ರಬ್ಬರ್ ಮೊಹರಿನಲ್ಲಿ ಒತ್ತಿಕೊಡಬಹುದು.

ಹಳದಿ ಎಲೆ ಹಿಡಿದು ಬಂದವನಿಗೆ ಕೊಡಬೇಕಾದ ಉತ್ತರವೂ ಬೇರಿನಲ್ಲೇ ಇದೆ. ಎಲೆ ಬೇಡ, ಒಂದು ಗಿಡವನ್ನು ಬುಡದ ಮಣ್ಣಿನ ಸಮೇತ ಸಲಿಕೆಯಿಂದ ಎತ್ತಿ ತಾ ಎನ್ನಬೇಕು. ಎರೆ ಮಣ್ಣಿನಿಂದ ಕಿತ್ತರೆ ಗಂಟೆಲ್ಲ ಮಣ್ಣಿನಲ್ಲೇ ಹರಿದು ಉಳಿಯುತ್ತವೆ. ಬಕೆಟ್ಟಿನಲ್ಲಿ ನೆನೆಸಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು ಕಾಣಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಾದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ಕೆಂಪಿದ್ದರೆ ಗಂಟು ದುಡಿಯುತ್ತಿದೆ, ಯೂರಿಯಾ ಬೇಡ. ಬಿಳಿಯಿದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು, ಕಂದು ಇದ್ದರೆ ಮುದಿಯಾಗಿದೆ. ಗಂಟು ಟೊಳ್ಳಾಗಿ ತೂತು ಬಿದ್ದಿದ್ದರೆ ಅದು ಹುಳದ ಕೆಲಸ: ರಿವೆಲಿಯಾ ಎಂಬ ನೊಣದ ಮರಿ ತೊಗರಿಯ ಗಂಟನ್ನೇ ತಿಂದು ಬೆಳೆಯುತ್ತದೆ, ಅದರ ಕಾಟ ಎರೆ ಭೂಮಿಯಲ್ಲಿ ಹೆಚ್ಚು. ಹೊಲದಲ್ಲಿ ವಾರಗಟ್ಟಲೆ ನೀರು ನಿಂತಿದ್ದರೆ ಉಸಿರಿಲ್ಲದೆ ಗಂಟು ಸತ್ತಿರುತ್ತದೆ. ಅಲ್ಲಿ ಬೇಕಾದದ್ದು ಗೊಬ್ಬರವಲ್ಲ, ನೀರು ಹರಿದು ಹೋಗಲು ಕಾಲುವೆ.

ನಿಮ್ಮಲ್ಲಿ ಎಷ್ಟೋ ಜನ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ ‘ದೇಸಿ’ ಡಿಪ್ಲೊಮಾ ಮುಗಿಸಿದವರು, ಮಣ್ಣು-ಗೊಬ್ಬರದ ಪಾಠ ಕೇಳಿದವರು. ಯೂರಿಯಾದಿಂದ ಸಿಗುವ ಕಮಿಷನ್ ಹೇಳಿಕೊಳ್ಳುವಂಥದ್ದೂ ಅಲ್ಲ. ಹಾಗಿದ್ದೂ ತೊಗರಿಗೆ ಅದನ್ನು ಕೊಡುವುದು ಹೆಚ್ಚಾಗಿ ರೂಢಿಯಿಂದ, ಇಲ್ಲವೇ ಗಿರಾಕಿ ಬರಿಗೈಲಿ ಹೋಗಬಾರದೆಂಬ ದಾಕ್ಷಿಣ್ಯದಿಂದ. ಈ ಸಲ ನಂಬಿಕೆಯ ನಾಲ್ಕಾರು ಗಿರಾಕಿಗಳಿಗೆ ಮೇಲುಗೊಬ್ಬರದ ಯೂರಿಯಾ ಇಲ್ಲದ ಆರು ಸಾಲು ತೊಗರಿ ಬಿಡಲು ಹೇಳಿ. 45ನೆಯ ದಿನಕ್ಕೆ ಎರಡೂ ಕಡೆಯ ಬೇರು ಪಕ್ಕಪಕ್ಕ ಇಟ್ಟು ನೋಡಲಿ, ಜನವರಿಯಲ್ಲಿ ರಾಶಿಯಾದಾಗ ಎರಡೂ ಕಡೆಯ ಕಾಳು ಬೇರೆಬೇರೆ ತೂಗಲಿ. ಮುಂದಿನ ವರ್ಷ ಅಂಗಡಿಯಲ್ಲಿ ಏನು ಹೇಳಬೇಕೆಂದು ಆ ತಕ್ಕಡಿ ತಿಳಿಸುತ್ತದೆ. ರೋಹಿಣಿ ಮಳೆಗೆ ಮುಂಚೆ ಬಂದಿಳಿಯುವ ರೈಜೋಬಿಯಂ ದಾಸ್ತಾನನ್ನು ಮಾತ್ರ ಕಾಯಿಸದೆ ಒಳಗಿನ ತಂಪು ಕೋಣೆಗೆ ಸಾಗಿಸಿ, ಅವಧಿ ಮುಗಿದ ಹಳೆಯ ಪೊಟ್ಟಣಗಳನ್ನು ಕಂಪನಿಗೆ ಹಿಂದಿರುಗಿಸಿ.

ಇಂತಿ,
ಕೃಷಿ ಪುಟದ ಬರಹಗಾರ